ಬೆಂಕಿ ಆರಿಸಲು ಬಲ ಬೇಕು

ಬೆಂಕಿ ಬಿದ್ದರೆ 101 ಅಥವಾ 112ಕ್ಕೆ ಫೋನ್ ಮಾಡುತ್ತೇವೆ. ಅಗ್ನಿಶಾಮಕ ದಳದವರು ಬರುತ್ತಾರೆ. ನೀರು ತುಂಬಿದ ಪೈಪು ಎಳೆಯುತ್ತಾರೆ. ಏಣಿ ಹತ್ತುತ್ತಾರೆ. ಸಿಕ್ಕಿಬಿದ್ದವರನ್ನು ಹೊತ್ತು ತರುತ್ತಾರೆ.

ಈ ಕೆಲಸ ಗಂಡಸರದು ಮಾತ್ರವೇ? ಅಲ್ಲ. 2002ರಲ್ಲಿ ಹರ್ಷಿಣಿ ಕನ್ಹೇಕರ್ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಸೇರಿದರು. ಅಲ್ಲಿ ಓದಿದ ಮೊದಲ ಹೆಣ್ಣುಮಗಳು ಅವರೇ.

ಸಾಲಗಾಮೆಯ ಒಂದು ಮನೆಯ ಮಾತು ಕೇಳಿ.

“ಅವ್ವಾ, ನಂಗೂ ಬೆಂಕಿ ಆರಿಸೋ ಕೆಲ್ಸಕ್ಕೆ ಸೇರೋ ಆಸೆ. ತೂಕ ಇಳೀಬೇಕು. ಮುದ್ದೆ ಬ್ಯಾಡ.”

“ಸೇರವ್ವ. ಆದ್ರೆ ಉಣ್ಣದೆ ಬೆಂಕಿ ಮುಂದೆ ಹೆಂಗ್ ನಿಲ್ತೀಯ?”

ಅವ್ವನ ಮಾತು ಸರಿ. ಊಟ ಬಿಟ್ಟರೆ ತೂಕದ ಜೊತೆ ಬಲವೂ ಹೋಗುತ್ತದೆ. ಬಿಡಬೇಕಾದ್ದು ಬೋಂಡ, ಬಜ್ಜಿ, ಹೆಚ್ಚು ಸಕ್ಕರೆ. ಮುದ್ದೆ ಮಿತವಾಗಿರಲಿ. ಸೊಪ್ಪು, ಕಾಳು, ಮೊಟ್ಟೆ ಇರಲಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು.

ಮೊದಲು ಬಿರುಸಾಗಿ ನಡೆಯಬೇಕು. ಆಮೇಲೆ ಸ್ವಲ್ಪ ಓಡಬೇಕು, ಸ್ವಲ್ಪ ನಡೆಯಬೇಕು. ದಿನ ಬಿಟ್ಟು ದಿನ ಬಸ್ಕಿ ಹೊಡೆಯಬೇಕು. ತಲೆ ಸುತ್ತಿದರೆ, ಬೇಗ ಏದುಸಿರು ಬಂದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆ ಇದ್ದರೆ ಬೇಗ ಸುಸ್ತಾಗುತ್ತದೆ.

ಉತ್ತರ ಹೇಳಿ:
1. ಬೆಂಕಿ ಬಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು?
2. ಊಟ ಬಿಟ್ಟರೆ ಏನಾಗುತ್ತದೆ?
3. ನಿಮ್ಮ ಮಗಳು ಈ ಕೆಲಸಕ್ಕೆ ಸೇರುತ್ತೇನೆ ಎಂದರೆ ಏನು ಹೇಳುವಿರಿ?