ಮಾದಳದ ಹಣ್ಣು

ಮೈಸೂರು

ಚಿ. ಪುಟ್ಟಿಗೆ,

ನೇಮಿಚಂದ್ರ ಅವರ ‘ಯಾದ್ ವಶೇಮ್’ ಓದಿ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ ಎಂದು ಬರೆದಿದ್ದೀಯ. ಬೆಂಗಳೂರಿನಲ್ಲಿ ಬೆಳೆದ ಆ ಯಹೂದಿ ಹುಡುಗಿ ಕಳೆದುಹೋದ ತನ್ನವರನ್ನು ಹುಡುಕಿ ಹೊರಟಾಗ ನನಗೂ ಗಂಟಲು ಕಟ್ಟಿತ್ತು. ಮುಂದೇನು ಓದಲಿ ಎಂದು ಕೇಳಿದ್ದಕ್ಕೆ ಈ ಕಾಗದ.

ಎಲಿ ವೀಸೆಲ್ ಅವರ ‘ನೈಟ್’ ಓದು. 1944ರಲ್ಲಿ, ಹದಿನೈದನೆಯ ವಯಸ್ಸಿಗೆ, ಮನೆಯವರ ಜೊತೆ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಸಾಗಿಸಲ್ಪಟ್ಟವರು. ಹತ್ತು ವರ್ಷ ಆ ಬಗ್ಗೆ ಬರೆಯಲಿಲ್ಲ. ತೆಳ್ಳನೆಯ ಪುಸ್ತಕ, ನಿಧಾನವಾಗಿ ಓದು. ಆಮೇಲೆ ಕ್ಲೋದ್ ಲಾಂಜ್ಮನ್ ಅವರ ‘ಶೋವಾ’ (1985) ಚಿತ್ರ. ಒಂಬತ್ತು ಗಂಟೆಗೂ ಮಿಕ್ಕಿದೆ, ಯುದ್ಧಕಾಲದ ಹಳೆಯ ದೃಶ್ಯ ಒಂದೂ ಇಲ್ಲ. ಟ್ರೆಬ್ಲಿಂಕಾ ಎಂಬ ಇನ್ನೊಂದು ಶಿಬಿರದಲ್ಲಿ ಸಾಯಲು ಹೊರಟ ಹೆಂಗಸರ ಕೂದಲು ಕತ್ತರಿಸಬೇಕಾಗಿ ಬಂದ ಕ್ಷೌರಿಕನೊಬ್ಬ ಕತ್ತರಿ ಆಡಿಸುತ್ತಲೇ ಅದನ್ನು ಹೇಳುತ್ತಾನೆ. ನಡುವೆ ಮಾತು ನಿಂತುಹೋಗುತ್ತದೆ.

ಅಲ್ಲಿಗೇ ಪುಸ್ತಕ ಮುಚ್ಚಬೇಡ, ಮಗಳೇ. ಸತ್ತ ಬಗೆಯೊಂದೇ ಗೊತ್ತಿದ್ದರೆ ಆ ಜನ ನಮಗೆ ಪರಿಚಯವಾದಂತೆ ಅಲ್ಲ. ನಾಜಿಗಳ ಕಾಲದಲ್ಲಿ ತಾಯಿಯನ್ನೂ ಅಕ್ಕಂದಿರನ್ನೂ ಕಳೆದುಕೊಂಡ ಯಹೂದಿ ಚಿಂತಕ ಏಬ್ರಹಾಂ ಜೋಶುವಾ ಹೆಶೆಲ್ 1951ರಲ್ಲಿ ಏನು ಬರೆದರು ಗೊತ್ತೇ? ಯಹೂದಿಗಳ ವಾರದ ಬಿಡುವಿನ ದಿನ ‘ಸಬ್ಬತ್’ ಬಗ್ಗೆ ಒಂದು ಪುಟ್ಟ ಪುಸ್ತಕ.

ಇನ್ನು ‘ಉಷ್ಪಿಜಿನ್’ (2004) ಚಿತ್ರ. ನಟ ಶೂಲಿ ರಾಂಡ್ ಕಟ್ಟುನಿಟ್ಟಿನ ಧಾರ್ಮಿಕ ಬದುಕಿಗೆ ಮರಳಿದವರು. ಚಿತ್ರದಲ್ಲಿ ಅವರ ಹೆಂಡತಿಯ ಪಾತ್ರ ಮಾಡಿದ್ದು ಅವರ ಹೆಂಡತಿಯೇ. ಜೆರೂಸಲೇಮಿನ ಬಡ ದಂಪತಿ, ಮಕ್ಕಳಿಲ್ಲ. ಸುಕ್ಕೋತ್ ಹಬ್ಬ ಬಂದಿದೆ. ಪೂರ್ವಜರು ಮರುಭೂಮಿಯಲ್ಲಿ ಅಲೆದದ್ದನ್ನು ನೆನೆದು ಏಳು ದಿನ ಚಪ್ಪರದಲ್ಲಿ ಉಣ್ಣುವ ಹಬ್ಬ ಅದು. ನೆನಪನ್ನು ಯಹೂದಿಗಳು ಹೀಗೆ ಮೈಮೇಲೆ ಬಿಸಿಲು ಗಾಳಿ ಬೀಳಿಸಿಕೊಂಡು ಮಾಡುತ್ತಾರೆ. ಅಚಾನಕ್ಕಾಗಿ ಬಂದ ಹಣದಲ್ಲಿ ಗಂಡ ಪೂಜೆಗೆಂದು ದುಬಾರಿ ಮಾದಳದ ಹಣ್ಣು ತರುತ್ತಾನೆ. ಮನೆಗೆ ಬಂದ ಅತಿಥಿಗಳು, ಜೈಲಿನಿಂದ ತಪ್ಪಿಸಿಕೊಂಡ ಇಬ್ಬರು; ಅವರಲ್ಲೊಬ್ಬ ಗಂಡನ ಹಳೆಯ ಗೆಳೆಯ. ಆ ಹಣ್ಣನ್ನು ಕೋಸಂಬರಿಗೆ ಹೆಚ್ಚುವಂತೆ ಹೆಚ್ಚಿಬಿಡುತ್ತಾರೆ! ಸಿಟ್ಟು ನುಂಗುವುದಕ್ಕೆ ಅವನು ಪಡುವ ಪಾಡಿನಲ್ಲಿ ಅವನ ಧರ್ಮವೆಲ್ಲ ಇದೆ.

ಇಂಥ ಮನೆಯಲ್ಲಿ ಹೆಂಗಸಿನ ಮನಸ್ಸು ಏನೆನ್ನುತ್ತದೆ ಎಂದು ನೀನು ಕೇಳೇ ಕೇಳುತ್ತೀಯ. ಅದಕ್ಕೆ ರಾಮಾ ಬರ್ಶ್ಟೈನ್ ಅವರ ‘ಫಿಲ್ ದ ವಾಯ್ಡ್’ (2012) ನೋಡು. ಅಂಥದೇ ಸಮುದಾಯದೊಳಗಿನ ಹೆಂಗಸು ಮಾಡಿದ ಚಿತ್ರ.

ಹಣ್ಣು ಹೆಚ್ಚಿದಾಗ ನಿನಗೆ ನಗು ಬಂತೋ, ಅಯ್ಯೋ ಅನ್ನಿಸಿತೋ, ಬರೆ. ನನಗೆ ಎರಡೂ ಆಯಿತು.

ಇತಿ,
ನಿನ್ನ ದೊಡ್ಡಪ್ಪ