ಹೂ ಬಿಟ್ಟ ಸೇಬಿಗೆ ಚಳಿಯ ಕಾಟ

ಹಿಮಾಚಲದ ಸೇಬಿನ ಮರಕ್ಕೆ ಚಳಿಗಾಲದ ಹಿಮದಿಂದ ಕೇಡಿಲ್ಲ. ಮೊಗ್ಗೊಡೆಯಲು ಆ ಚಳಿ ಬೇಕೇ ಬೇಕು. ಅಪಾಯವಿರುವುದು ಏಪ್ರಿಲ್ ಹೊತ್ತಿಗೆ, ಹೂ ಅರಳಿದಾಗ. ಆಗ ಉಷ್ಣಾಂಶ ಅರ್ಧ ಗಂಟೆ ಮೈನಸ್ 2 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ಹತ್ತರಲ್ಲೊಂದು ಹೂ ಸಾಯುತ್ತದೆ. ಮೈನಸ್ 4ರ ಹತ್ತಿರ ಹೋದರೆ ಉಳಿಯುವುದೇ ಹತ್ತರಲ್ಲೊಂದು.

ಮೋಡವೂ ಗಾಳಿಯೂ ಇಲ್ಲದ ರಾತ್ರಿ ನೆಲದ ಶಾಖ ಆಕಾಶಕ್ಕೆ ಸೋರಿಹೋಗುತ್ತದೆ. ತಣ್ಣನೆಯ ಗಾಳಿ ಭಾರ. ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಸಸಿ ನೆಡುವಾಗಲೇ ತಗ್ಗನ್ನು ಬಿಟ್ಟುಬಿಡುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ. ಕೆಳಗಿನ ಅಂಚಿನಲ್ಲಿ ದಟ್ಟ ಬೇಲಿಯಿದ್ದರೆ ಗಾಳಿ ಹರಿದುಹೋಗಲು ದಾರಿ ಮಾಡಬೇಕು. ಹುಲ್ಲು ಸವರಿ ನೆಲವನ್ನು ಒದ್ದೆಯಾಗಿಟ್ಟರೆ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ.

ತುಂತುರು ನೀರು ಪರಿಣಾಮಕಾರಿ. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಬಿಡುವ 80 ಕ್ಯಾಲೊರಿ ಶಾಖ ಹೂವನ್ನು ಸೊನ್ನೆ ಡಿಗ್ರಿಯ ಹತ್ತಿರವೇ ಉಳಿಸುತ್ತದೆ. ಆದರೆ ಬೆಳಗ್ಗೆ ಮಂಜುಗಡ್ಡೆ ಕರಗತೊಡಗುವ ತನಕ ಪಂಪು ನಿಲ್ಲಬಾರದು; ನಡುವೆ ಕರೆಂಟ್ ಹೋದರೆ ಸುಮ್ಮನಿದ್ದುದಕ್ಕಿಂತ ಹೆಚ್ಚು ನಷ್ಟ. ಮೆಟ್ಟಿಲು ಹೊಲದ ಸಣ್ಣ ರೈತನಿಗೆ ಅಷ್ಟು ನೀರೂ ಇಲ್ಲ, ಬಂಡವಾಳವೂ ಇಲ್ಲ. ಅಂಥವರು ಹಸಿ ಎಲೆ ಸುಟ್ಟು ಹೊಗೆ ಹಾಕುವುದುಂಟು. ಹೊಗೆ ಶಾಖವನ್ನು ಅಷ್ಟಾಗಿ ತಡೆಯದು. ಕೆಲಸ ಮಾಡುವುದು ಬೆಂಕಿಯ ಬಿಸಿ. ಒಂದು ದೊಡ್ಡ ಬೆಂಕಿಗಿಂತ ಸಾಲುಗಳ ನಡುವೆ ಹಲವು ಸಣ್ಣ ಬೆಂಕಿಗಳು ಮೇಲು.