ಟ್ರೌಟ್ ಎಲ್ಲಿ ಸಿಗುತ್ತದೆ? ನೀರಿನಲ್ಲಿ ಕರಗಿದ ಆಮ್ಲಜನಕ ಕುರಿತು ಒಂದು ಬೋಧನಾಭ್ಯಾಸ ಪಾಠ

ತರಗತಿ: 9
ವಿಷಯ: ವಿಜ್ಞಾನ
ಘಟಕ: ದ್ರಾವಣಗಳು
ಉಪಘಟಕ: ನೀರಿನಲ್ಲಿ ಅನಿಲಗಳ ಕರಗುವಿಕೆ
ಅವಧಿ: 40 ನಿಮಿಷಗಳ ಎರಡು ಪಾಠಗಳು

ನನ್ನ ಬೋಧನಾಭ್ಯಾಸಕ್ಕೆ ದೊರೆತದ್ದು ನಂಜನಗೂಡು ತಾಲ್ಲೂಕಿನ ಒಂದು ಪ್ರೌಢಶಾಲೆ. ಕಬಿನಿ ಹೊಳೆ ಶಾಲೆಗೆ ಹತ್ತಿರ. ತರಗತಿಯ ಹಲವು ಮಕ್ಕಳ ಮನೆಯಲ್ಲಿ ಬಲೆ, ಗಾಳ ಇವೆ. ಊಟಿಗೆ ಹೋಗುವ ಬಸ್ಸುಗಳು ಗುಂಡ್ಲುಪೇಟೆ, ಬಂಡೀಪುರದ ಕಡೆಗೆ ಓಡುವುದನ್ನು ಇವರು ದಿನವೂ ನೋಡುತ್ತಾರೆ. ಆದ್ದರಿಂದ ಅನಿಲಗಳ ಕರಗುವಿಕೆಯನ್ನು ಸೋಡಾ ಬಾಟಲಿಯಿಂದ ಆರಂಭಿಸುವ ಬದಲು ಮೀನಿನಿಂದ ಆರಂಭಿಸಲು ಯೋಚಿಸಿದೆ. ಪಾಠ ಯೋಜನೆಯಂತೆ ನಡೆಯಲಿಲ್ಲ. ನಡೆಯದೆ ಹೋದದ್ದೇ ಹೆಚ್ಚು ಉಪಯುಕ್ತವಾಗಿದೆ ಎಂದು ಅನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಉದ್ದೇಶಗಳು

1. ಉಷ್ಣತೆ ಹೆಚ್ಚಿದಂತೆ ನೀರಿನಲ್ಲಿ ಕರಗುವ ಅನಿಲದ ಪ್ರಮಾಣ ಕಡಿಮೆಯಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಪ್ರಯೋಗದ ಮೂಲಕ ಗುರುತಿಸುವರು.
2. ಈ ತತ್ವವನ್ನು ಬಳಸಿ, ಯಾವ ಮೀನು ಯಾವ ಬಗೆಯ ನೀರಿನಲ್ಲಿ ವಾಸಿಸುತ್ತದೆ ಎಂದು ಊಹಿಸಿ ಕಾರಣ ನೀಡುವರು.

ಬೋಧನೋಪಕರಣಗಳು: ಬೀಕರ್, ಸ್ಪಿರಿಟ್ ದೀಪ, ಉಷ್ಣತಾಮಾಪಕ, ನೀಲಗಿರಿಯ ಕೈಬರಹದ ನಕ್ಷೆ, ಮೀನುಗಳ ಚಿತ್ರಪಟ.

ಮೊದಲ ಪಾಠ

ಪೀಠಿಕೆಯಲ್ಲಿ ನೀಲಗಿರಿಯ ಕಥೆ ಹೇಳಿದೆ. ಕಾಮನಬಿಲ್ಲಿನ ಬಣ್ಣದ ಪಟ್ಟಿ ಇರುವ ರೇನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪಶ್ಚಿಮ ಭಾಗದ ಮೀನು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞರು ನೀಲಗಿರಿಗೆ ಟ್ರೌಟ್ ತರಲು ಪ್ರಯತ್ನಿಸಿ ವಿಫಲರಾದರು. ಅದು ನೆಲೆಯೂರಿದ್ದು 20ನೆಯ ಶತಮಾನದ ಆರಂಭದಲ್ಲಿ, ಎಚ್.ಸಿ. ವಿಲ್ಸನ್ ಅವರ ಶ್ರಮದಿಂದ. ಅವಲಾಂಚಿಯಲ್ಲಿ ಮೊಟ್ಟೆಯೊಡೆಸುವ ಕೇಂದ್ರವೂ ಆಯಿತು. ಅವಲಾಂಚಿ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ.

“ನಮ್ಮ ಕಬಿನಿಯಲ್ಲಿ ಟ್ರೌಟ್ ಯಾಕಿಲ್ಲ?” ಎಂದು ಕೇಳಿ ಪ್ರಯೋಗಕ್ಕೆ ಬಂದೆ. ಬೀಕರಿನಲ್ಲಿ ನಲ್ಲಿ ನೀರನ್ನು ನಿಧಾನವಾಗಿ ಕಾಯಿಸಿದಾಗ, ಕುದಿಯುವುದಕ್ಕೆ ಬಹಳ ಮೊದಲೇ ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟಿಕೊಂಡವು. ಅದು ಆವಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಎಂದು ಮಕ್ಕಳೇ ಹೇಳಿದರು. ಸಮುದ್ರಮಟ್ಟದಲ್ಲಿ ಒಂದು ಲೀಟರ್ ಸಿಹಿನೀರು ಹಿಡಿದಿಡಬಲ್ಲ ಆಮ್ಲಜನಕದ ಪ್ರಮಾಣವನ್ನು ಹಲಗೆಯ ಮೇಲೆ ಬರೆದೆ: 0 ಡಿಗ್ರಿಯಲ್ಲಿ 14.6 ಮಿಲಿಗ್ರಾಂ, 12 ಡಿಗ್ರಿಯಲ್ಲಿ 10.8, 20 ಡಿಗ್ರಿಯಲ್ಲಿ 9.1, 28 ಡಿಗ್ರಿಯಲ್ಲಿ 7.8. ಕೆಳಗೆ ದೊಡ್ಡ ಅಕ್ಷರಗಳಲ್ಲಿ ಸಾರಾಂಶ ಬರೆದೆ: “ಬೆಟ್ಟ ಹತ್ತಿದಷ್ಟೂ ನೀರಿನಲ್ಲಿ ಆಮ್ಲಜನಕ ಹೆಚ್ಚು. ಆದ್ದರಿಂದ ಅಲ್ಲಿ ಟ್ರೌಟ್ ಇದೆ.”

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಅವಳ ತಂದೆ ಹೊಳೆಯಲ್ಲಿ ಮೀನು ಹಿಡಿಯುವವರು. “ಮಿಸ್, ಎವರೆಸ್ಟ್ ಹತ್ತೋರು ಆಕ್ಸಿಜನ್ ಸಿಲಿಂಡರ್ ಹೊತ್ಕೊಂಡು ಹೋಗ್ತಾರೆ. ಮೇಲೆ ಗಾಳೀಲೇ ಇಲ್ದಿರೋದು ನೀರಿಗೆ ಎಲ್ಲಿಂದ ಬರುತ್ತೆ?”

ನನಗೆ ಉತ್ತರ ಹೊಳೆಯಲಿಲ್ಲ. ಹಿಂದೆ ಮಾರ್ಗದರ್ಶಕರು ಕುಳಿತಿದ್ದರು, ಗಡಿಯಾರದಲ್ಲಿ ಇನ್ನು ಏಳು ನಿಮಿಷವಿತ್ತು. “ಅದು ಮೇಲಿನ ತರಗತಿಯಲ್ಲಿ ಬರುತ್ತದೆ, ಈಗ ಕೂತುಕೋ” ಎಂದುಬಿಟ್ಟೆ. ಅವಳು ಕುಳಿತಳು. ಪುಸ್ತಕ ಮುಚ್ಚಿದಳು. ಪುನರಾವರ್ತನೆಯ ಪ್ರಶ್ನೆಗಳಿಗೆ ಮುಂದಿನ ಬೆಂಚಿನವರು ಹಲಗೆ ನೋಡಿ ಸರಿಯಾಗಿ ಉತ್ತರಿಸಿದರು. ಅವಳು ಮತ್ತೆ ಕೈ ಎತ್ತಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಕಪ್ಪುಹಲಗೆ ಕೆಲಸಕ್ಕೆ, ಪ್ರಯೋಗಕ್ಕೆ ಉತ್ತಮ ಎಂದು ಬರೆದಿದ್ದರು. ಕೊನೆಯಲ್ಲಿ ಒಂದೇ ಸಾಲು: “ಹಿಂದಿನ ಬೆಂಚಿನ ಪ್ರಶ್ನೆ ಸರಿಯಾಗಿತ್ತು. ನಿಮ್ಮ ಸಾರಾಂಶ ಸರಿಯೇ?”

ಲೆಕ್ಕ ಹಾಕಿದಾಗ ಕಂಡದ್ದು

ಆ ರಾತ್ರಿ ಹಾಸ್ಟೆಲಿನಲ್ಲಿ ಲೆಕ್ಕ ಹಾಕಿದೆ. ನೀರಿನಲ್ಲಿ ಕರಗುವ ಅನಿಲದ ಪ್ರಮಾಣ ಉಷ್ಣತೆಯನ್ನು ಮಾತ್ರವಲ್ಲ, ನೀರಿನ ಮೇಲಿರುವ ಆ ಅನಿಲದ ಒತ್ತಡವನ್ನೂ ಅವಲಂಬಿಸುತ್ತದೆ. ಬಿ.ಎಸ್‌ಸಿ.ಯಲ್ಲಿ ಹೆನ್ರಿಯ ನಿಯಮ ಎಂದು ಬರೆದು ಅಂಕ ಪಡೆದಿದ್ದೆ. 2,000 ಮೀಟರ್ ಎತ್ತರದಲ್ಲಿ ವಾಯುಒತ್ತಡ ಸಮುದ್ರಮಟ್ಟದ ಸುಮಾರು ಶೇ. 78. ಹಾಗಾದರೆ 12 ಡಿಗ್ರಿಯ ತೊರೆಯ ನೀರು ಹಿಡಿದಿಡಬಲ್ಲದ್ದು 10.8 ಮಿಲಿಗ್ರಾಂ ಅಲ್ಲ, ಅದರ ಶೇ. 78, ಅಂದರೆ ಸುಮಾರು 8.4. ನಂಜನಗೂಡಿನ ಎತ್ತರ ಸುಮಾರು 650 ಮೀಟರ್, ಒತ್ತಡ ಸುಮಾರು ಶೇ. 92. 28 ಡಿಗ್ರಿಯ ನೀರಿಗೆ ಲೆಕ್ಕ ಹಾಕಿದರೆ 7.2. ವ್ಯತ್ಯಾಸ 1.2 ಮಿಲಿಗ್ರಾಂ ಅಷ್ಟೇ. ಬೆಟ್ಟದ ಮೇಲೂ ನೀರು 28 ಡಿಗ್ರಿ ಇದ್ದಿದ್ದರೆ ಅದರಲ್ಲಿ ಇರುತ್ತಿದ್ದದ್ದು ಸುಮಾರು 6.1, ನಮ್ಮ ಹೊಳೆಗಿಂತ ಕಡಿಮೆ.

ಹುಡುಗಿ ಹೇಳಿದ್ದೇ ಸರಿ. ಎತ್ತರ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ, ತಂಪು ಹೆಚ್ಚಿಸುತ್ತದೆ. ಈ ಹಗ್ಗಜಗ್ಗಾಟದಲ್ಲಿ ತಂಪು ಸ್ವಲ್ಪದರಲ್ಲಿ ಗೆಲ್ಲುತ್ತದೆ. ನಾನು ಹಲಗೆಯ ಮೇಲೆ ಬರೆದ ಸಾರಾಂಶ ತಪ್ಪು.

ಎರಡನೆಯ ಪಾಠ

ಮರುದಿನ ಹಿಂದಿನ ಸಾರಾಂಶವನ್ನೇ ಮತ್ತೆ ಬರೆದು, ಅದರ ಮೇಲೆ ಅಡ್ಡಗೆರೆ ಎಳೆದೆ. “ನಿನ್ನೆ ನಾನು ಬರೆದದ್ದು ತಪ್ಪು. ನಿಮ್ಮ ಗೆಳತಿಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಕೂರಿಸಿದೆ” ಎಂದೆ. ತರಗತಿ ನಿಶ್ಶಬ್ದವಾಯಿತು. ಶೇಕಡಾವಾರು ಲೆಕ್ಕವನ್ನು ಮಕ್ಕಳೇ ಮಾಡಿದರು, ಅವರಿಗೆ ಅದು ಕಷ್ಟವಾಗಲಿಲ್ಲ. 8.4 ಮತ್ತು 7.2 ಪಕ್ಕಪಕ್ಕದಲ್ಲಿ ಬಂದಾಗ ಅದೇ ಹುಡುಗಿ ಕೇಳಿದಳು: “ಇಷ್ಟೇ ವ್ಯತ್ಯಾಸಕ್ಕೆ ಆ ಮೀನು ನಮ್ಮಲ್ಲಿ ಸಾಯುತ್ತಾ ಮಿಸ್?”

ಈ ಬಾರಿ ನಾನು ಉತ್ತರಿಸದೆ, ಒಬ್ಬ ಹುಡುಗ ಬಕೆಟ್ಟಿನಲ್ಲಿ ತಂದಿದ್ದ ಜಿಲೇಬಿ ಮೀನಿನ ಮರಿಯನ್ನು ತೋರಿಸಿದೆ. ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಬಾರಿ ತೆರೆಯುತ್ತದೆ ಎಂದು ಮೂರು ಗುಂಪುಗಳು ಎಣಿಸಿದವು. ನಂತರ ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು, 27 ಡಿಗ್ರಿಯಿಂದ 22ಕ್ಕೆ ನಿಧಾನವಾಗಿ ಇಳಿಸಿ ಮತ್ತೆ ಎಣಿಸಿದರು. ಮೂರೂ ಗುಂಪುಗಳ ಎಣಿಕೆ ಸ್ಪಷ್ಟವಾಗಿ ಇಳಿದಿತ್ತು. ಮೀನಿನ ದೇಹದ ಉಷ್ಣತೆ ನೀರಿನ ಜೊತೆಗೇ ಏರಿಳಿಯುತ್ತದೆ. ನೀರು ಬಿಸಿಯಾದರೆ ದೇಹದ ಕ್ರಿಯೆಗಳು ವೇಗವಾಗಿ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ, ಅದೇ ಹೊತ್ತಿಗೆ ಪೂರೈಕೆ ಕಡಿಮೆಯಾಗುತ್ತದೆ. “ಸಂಬಳ ಇಳಿದು ಖರ್ಚು ಏರಿದ ಹಾಗೆ” ಎಂದು ಒಬ್ಬ ಹುಡುಗ ಹೇಳಿದ. ಇದಕ್ಕಿಂತ ಒಳ್ಳೆಯ ಸಾರಾಂಶ ನನ್ನ ಬಳಿ ಇರಲಿಲ್ಲ. ಟ್ರೌಟಿನ ದೇಹ ಸುಮಾರು 10ರಿಂದ 18 ಡಿಗ್ರಿಗೆ ಹೊಂದಿಕೊಂಡದ್ದು, 25 ದಾಟಿದರೆ ಬದುಕುವುದು ಕಷ್ಟ ಎಂದು ಸೇರಿಸಿದೆ.

ಮೀನು ಹುಡುಕುವ ಚಟುವಟಿಕೆ

ಅನ್ವಯಕ್ಕಾಗಿ ಹೋಲಿಕೆಗೆ ಬಾಸ್ ಮೀನನ್ನು ತೆಗೆದುಕೊಂಡೆ. ಅಮೆರಿಕದ ಅಪಲಾಚಿಯನ್ ಶ್ರೇಣಿಯ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಒಂದೇ ಇಳಿಜಾರಿನಲ್ಲಿ ಈ ಎರಡೂ ಬಗೆಯ ಮೀನುಗಳಿವೆ. ತುದಿಯ ತಣ್ಣನೆಯ ತೊರೆಗಳಲ್ಲಿ ಟ್ರೌಟ್, ಕೆಳಗಿನ ಅಗಲ ಹೊಳೆಗಳಲ್ಲಿ ಸ್ಮಾಲ್‌ಮೌತ್ ಬಾಸ್, ಬುಡದ ಜಲಾಶಯಗಳಲ್ಲಿ ಬೆಚ್ಚಗಿನ ನಿಂತ ನೀರನ್ನು ಇಷ್ಟಪಡುವ ಲಾರ್ಜ್‌ಮೌತ್ ಬಾಸ್. ಎತ್ತರ ಬರೆಯದ ಇಳಿಜಾರಿನ ಚಿತ್ರ ಕೊಟ್ಟು, ಪ್ರತಿ ಮೀನಿಗೆ ಸ್ಥಳ ಆರಿಸಿ ಕಾರಣ ಬರೆಯಲು ಹೇಳಿದೆ.

ಜೊತೆಗೆ ಗಾಳ ಹಾಕುವವರು ನೀರನ್ನು ಓದುವ ಕ್ರಮವನ್ನು ವಿವರಿಸಿದೆ. ಟ್ರೌಟ್ ಹರಿವಿಗೆ ಎದುರಾಗಿ ಮುಖ ಮಾಡಿ, ಬಂಡೆಯ ಮರೆಯಲ್ಲಿ, ವೇಗದ ನೀರು ನಿಧಾನದ ನೀರನ್ನು ಸೇರುವ ಅಂಚಿನಲ್ಲಿ ನಿಲ್ಲುತ್ತದೆ. ಅಲ್ಲಿ ಶ್ರಮ ಕಡಿಮೆ, ತೇಲಿಬರುವ ಹುಳುಗಳು ಬಾಯಿಗೇ ಬರುತ್ತವೆ. ಬೇಸಿಗೆಯಲ್ಲಿ ತಣ್ಣನೆಯ ಉಪತೊರೆ ಕೂಡುವ ಜಾಗಕ್ಕೆ ಸರಿಯುತ್ತದೆ. ಲಾರ್ಜ್‌ಮೌತ್ ಬಾಸ್ ಜೊಂಡು, ಮುಳುಗಿದ ಮರದ ಬಳಿ ಹೊಂಚು ಹಾಕುತ್ತದೆ. ಲೆಕ್ಕದಲ್ಲಿ ಬಂದ ಅಂಕಿ ನೀರು ಹಿಡಿದಿಡಬಲ್ಲ ಮಿತಿ ಮಾತ್ರ. ಬಂಡೆಗೆ ಬಡಿದು ನೊರೆಯಾಗುವ ತೊರೆ ಆ ಮಿತಿಯ ಹತ್ತಿರವಿರುತ್ತದೆ, ಕೊಳೆತ ವಸ್ತು ತುಂಬಿದ ನಿಂತ ನೀರು ಬಹಳ ಕೆಳಗಿರಬಹುದು.

ಆಗ ಹಿಂದಿನ ಬೆಂಚು ಪೂರ್ತಿ ಮಾತಾಡತೊಡಗಿತು. ಬೇಸಿಗೆಯ ಬೆಳಗಿನ ಜಾವ ಗುಂಡಿಯ ಮೀನು ಮೇಲೆ ಬಂದು ಬಾಯಿ ತೆರೆಯುವುದು, ಕೊರಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸಂತೆಗೆ ಒಯ್ದರೂ ಜೀವಂತವಿರುವುದು, ಎಲ್ಲವೂ ಬಂತು. ಕೊರಮೀನು ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲದು. ನನ್ನ ಚಿತ್ರಪಟದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹುಡುಗಿಯೇ ಬಂದು ಬರೆದಳು.

ಆತ್ಮಾವಲೋಕನ

ಮೌಲ್ಯಮಾಪನದಲ್ಲಿ ಒಂದು ಪ್ರಶ್ನೆ ಕೇಳಿದೆ: “ಒಂದೇ ಉಷ್ಣತೆಯ ನೀರು ಊಟಿಯಲ್ಲಿಯೂ ನಂಜನಗೂಡಿನಲ್ಲಿಯೂ ಇದ್ದರೆ ಎಲ್ಲಿ ಆಮ್ಲಜನಕ ಹೆಚ್ಚು ಕರಗಬಲ್ಲದು, ಯಾಕೆ?” ಹೆಚ್ಚಿನವರು ಸರಿಯಾಗಿ ಬರೆದರು. ಕೆಲವರು ಇನ್ನೂ ನನ್ನ ಮೊದಲ ದಿನದ ಸಾರಾಂಶವನ್ನೇ ಬರೆದಿದ್ದರು. ಅಡ್ಡಗೆರೆ ಎಳೆದರೂ ದೊಡ್ಡ ಅಕ್ಷರದ ತಪ್ಪು ಬೇಗ ಅಳಿಸುವುದಿಲ್ಲ.

ಈ ಪಾಠ ಮಾಡಲು ಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು. ಒತ್ತಡದ ಲೆಕ್ಕವನ್ನು ಮೊದಲ ದಿನವೇ ಸೇರಿಸಿ. ಮೀನಿನ ನೀರನ್ನು ಐದು ಡಿಗ್ರಿಗಿಂತ ಹೆಚ್ಚು ತಂಪು ಮಾಡಬೇಡಿ, ಎಂದೂ ಬಿಸಿ ಮಾಡಬೇಡಿ, ಮುಗಿದೊಡನೆ ತಂದ ಹೊಳೆಯ ನೀರಿಗೇ ವರ್ಗಾಯಿಸಿ. ‘ಮೇಲಿನ ತರಗತಿಯಲ್ಲಿ ಬರುತ್ತದೆ’ ಎಂಬ ಮಾತನ್ನು ಬಳಸುವ ಮೊದಲು, ಅದು ಮಗುವಿಗೆ ಮೇಲಿನದೋ ನಮಗೆ ಮೇಲಿನದೋ ಎಂದು ಕೇಳಿಕೊಳ್ಳಿ. “ನನಗೆ ಗೊತ್ತಿಲ್ಲ, ನಾಳೆ ಹೇಳುತ್ತೇನೆ” ಎನ್ನಲು ಅರ್ಧ ನಿಮಿಷ ಸಾಕಿತ್ತು.

ಸ್ಮೋಕಿ ಬೆಟ್ಟಗಳಲ್ಲಿ, ಹೊರಗಿನಿಂದ ತಂದು ಬಿಟ್ಟ ರೇನ್‌ಬೋ ಟ್ರೌಟ್ ಅಲ್ಲಿನದೇ ಆದ ಬ್ರೂಕ್ ಟ್ರೌಟನ್ನು ಎತ್ತರದ ತೊರೆಗಳಿಗೆ ತಳ್ಳಿದೆ ಎಂದು ಪಾಠದ ಕೊನೆಯಲ್ಲಿ ಹೇಳಿದ್ದೆ. ಗಂಟೆ ಬಾರಿಸಿದ ಮೇಲೆ ಹುಡುಗಿ ಮೇಜಿನ ಬಳಿ ಬಂದು ಕೇಳಿದಳು: “ಹಾಗಾದ್ರೆ ಅವಲಾಂಚೀಲಿ ಟ್ರೌಟ್ ಬಿಡೋಕೆ ಮುಂಚೆ ಯಾವ ಮೀನಿತ್ತು ಮಿಸ್?” ನಾನು ಪ್ರಶ್ನೆಯನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡು, ತಾರೀಖು ಹಾಕಿ, ಅವಳಿಗೆ ತೋರಿಸಿದೆ.